ದುಡಿಮೆಯ ಹೊತ್ತಿನ ನಾದ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ)



ನಾವು ಸಂಗೀತಗಾರರಲ್ಲ, ಸರಿಗಮವನ್ನು ಕ್ರಮವಾಗಿ ಕಲಿತವರೂ ಅಲ್ಲ. ಮೂವತ್ತು ವರ್ಷಗಳಿಂದ ಈ ಮುಂಬಯಿಯಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆದ ಗುಮಾಸ್ತರು. ಇಂಥವರನ್ನು ಸಂಗೀತದ ಮೇಲೆ ಮಾತನಾಡಲು ಕರೆದ ಕಾರ್ಯದರ್ಶಿಗಳ ಧೈರ್ಯವನ್ನು ಮೆಚ್ಚಲೇಬೇಕು. ಆದರೆ ವಿಷಯ ಸಂಗೀತಕ್ಕಿಂತ ಹೆಚ್ಚಾಗಿ ದುಡಿಮೆಗೆ ಸೇರಿದ್ದು. ದುಡಿಯುವ ಹೊತ್ತಿನಲ್ಲಿ ನಮ್ಮ ಕಿವಿ ಯಾರ ಸ್ವತ್ತು ಎಂಬುದೇ ಪ್ರಶ್ನೆ. ಆ ಬಗ್ಗೆ ಮಾತನಾಡಲು ಗುಮಾಸ್ತನಿಗೂ ಹಕ್ಕುಂಟು ಎಂದು ನಂಬಿ ನಾಲ್ಕು ಮಾತು ಅರಿಕೆ ಮಾಡುತ್ತೇವೆ.

ಮೊದಲು ನಮ್ಮ ತಪ್ಪಿನಿಂದಲೇ ಪ್ರಾರಂಭಿಸೋಣ. ನಮ್ಮ ಕಚೇರಿ ಒಂದೇ ಉದ್ದನೆಯ ಕೋಣೆ. ನಲವತ್ತು ಜನ, ನಲವತ್ತು ದೂರವಾಣಿ. ಒಬ್ಬರು ಗುಜರಾತಿಯಲ್ಲಿ, ಒಬ್ಬರು ಮರಾಠಿಯಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ ಮಾತನಾಡುತ್ತಿರುವಾಗ ಅದರ ನಡುವೆ ಅಂಕಿ ಕೂಡಬೇಕು. ಈ ಗದ್ದಲ ತಾಳಲಾರದೆ ನಾವು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಳೆಯ ಕನ್ನಡ ಚಿತ್ರಗೀತೆಗಳನ್ನು ಕೇಳತೊಡಗಿದೆವು. ಮನಸ್ಸಿಗೆ ಹಿತವಾಯಿತು. ಆದರೆ ತ್ರೈಮಾಸಿಕದ ಕೊನೆಗೆ ಲೆಕ್ಕ ತಾಳೆಯಾಗಲಿಲ್ಲ. ಅರವತ್ಮೂರು ರೂಪಾಯಿ ವ್ಯತ್ಯಾಸ. ವ್ಯತ್ಯಾಸ ಒಂಬತ್ತರಿಂದ ಭಾಗಿಸಿ ಹೋದರೆ ಎಲ್ಲಿಯೋ ಅಂಕಿ ಹಿಂದುಮುಂದಾಗಿರಬಹುದೆಂಬುದು ಹಳೆಯ ಗುಮಾಸ್ತರೆಲ್ಲ ಬಲ್ಲ ಸೂತ್ರ. ಹುಡುಕಿದೆವು. 4,518 ಎಂದು ಬರೆಯಬೇಕಾದಲ್ಲಿ 4,581 ಎಂದು ಬರೆದಿದ್ದೆವು. ಬರೆದ ಹೊತ್ತಿನಲ್ಲಿ ಕೈ ಲೆಕ್ಕದಲ್ಲಿತ್ತು, ಮನಸ್ಸು ಹಾಡಿನ ಎರಡನೆಯ ಚರಣದಲ್ಲಿತ್ತು.

ಇದು ನಮ್ಮೊಬ್ಬರ ದೌರ್ಬಲ್ಯವಲ್ಲವೆಂದು ಆಮೇಲೆ ತಿಳಿಯಿತು. ಮನಶ್ಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಓದುವಾಗ, ಅಂಕಿಗಳನ್ನು ಸಾಲಾಗಿ ನೆನಪಿಡುವಾಗ, ನಾವು ಒಳಗೊಳಗೇ ಉಚ್ಚರಿಸುತ್ತಿರುತ್ತೇವೆ. ಹೊರಗಿನಿಂದ ಬರುವ ಮಾತು ಆ ಒಳದನಿಗೆ ಅಡ್ಡ ಬರುತ್ತದೆ. ಸಲಾಮೆ, ಬ್ಯಾಡ್ಲಿ ಎಂಬ ಇಬ್ಬರು ಸಂಶೋಧಕರು 1989ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬರಿಯ ವಾದ್ಯಸಂಗೀತಕ್ಕಿಂತ ಹಾಡುಗಾರಿಕೆಯೇ ಅಂಕಿಗಳ ನೆನಪನ್ನು ಹೆಚ್ಚು ಕೆಡಿಸಿತೆಂದು ಕಂಡುಬಂತು. ಎಂದರೆ, ಪ್ರೀತಿಯ ಹಾಡು ಕೆಲಸಕ್ಕೆ ಒಳ್ಳೆಯ ಜೊತೆಗಾರನಾಗಲೇಬೇಕೆಂದಿಲ್ಲ. ನಂಟ ಬಂದು ಪಕ್ಕದಲ್ಲಿ ಕುಳಿತು ಮಾತಾಡಿದಂತೆ. ನಂಟನ ಮೇಲೆ ಪ್ರೀತಿ ಇದೆ, ಕೆಲಸ ಮಾತ್ರ ಸಾಗದು.

ಆ ವಾರ ನಮ್ಮ ಚಾಳಿನ ಒಬ್ಬ ತರುಣ ನಮ್ಮ ಗೋಳನ್ನು ಕೇಳಿದ. ಗದುಗಿನ ಕಡೆಯ ಹುಡುಗ. ರಾತ್ರಿ ಪಾಳಿಯಲ್ಲಿ ಕಂಪ್ಯೂಟರಿನ ಮುಂದೆ ಕೆಲಸ. ತನ್ನ ಹೆಡ್‌ಫೋನು ತೆಗೆದು ನಮ್ಮ ತಲೆಗೆ ಹಾಕಿದ.

"ಕಾಕಾ, ಇದನ್ನ ಒಮ್ಮೆ ಹಾಕ್ಕೊಂಡ ನೋಡ್ರಿ."

ನೋಡಿದೆವು. ಐದು ನಿಮಿಷ ಕಾದರೂ ಹಾಡು ಪ್ರಾರಂಭವಾಗಲಿಲ್ಲ.

"ಏನಪಾ ಇದು, ಹಾಡೂ ಇಲ್ಲ, ತಾಳಾನೂ ಇಲ್ಲ. ನಮ್ಮ ಆಫೀಸಿನ ಫ್ರಿಜ್ ಗುಂಯ್‌ಗುಟ್ಟಿದಂಗ ಐತಿ" ಎಂದೆವು.

ಹುಡುಗ ನಕ್ಕ. "ಕೇಳಬ್ಯಾಡ್ರಿ ಕಾಕಾ. ಸುಮ್ನ ಹಚ್ಚಿಟ್ಟು ನಿಮ್ಮ ಕೆಲಸಾ ಮಾಡ್ರಿ."

ಸಂಗೀತವನ್ನು ಕೇಳಬೇಡಿ ಎಂದು ಹೇಳಿಕೊಡುವ ಗುರುವನ್ನು ನಾವು ಅದೇ ಮೊದಲು ಕಂಡದ್ದು. ಮರುದಿನ ಅವನ ಮಾತಿನಂತೆ ಸಣ್ಣ ದನಿಯಲ್ಲಿ ಹಚ್ಚಿಟ್ಟು ಲೆಕ್ಕಕ್ಕೆ ಕುಳಿತೆವು. ಮೊದಲ ಕೆಲವು ನಿಮಿಷ ಕಿರಿಕಿರಿ. ಆಮೇಲೆ ಅದು ಇದ್ದುದೇ ಮರೆತುಹೋಯಿತು. ಕೋಣೆಯ ಗದ್ದಲವೂ ಮರೆತುಹೋಯಿತು. ತಲೆ ಎತ್ತಿ ನೋಡಿದಾಗ ಊಟದ ಬಿಡುವಿಗೆ ಹೊತ್ತಾಗಿತ್ತು. ಎರಡು ಪುಟ ಲೆಕ್ಕ ತಪ್ಪಿಲ್ಲದೆ ಮುಗಿದಿತ್ತು.

ಇದಕ್ಕೆ ಇಂಗ್ಲಿಷಿನಲ್ಲಿ ಆಂಬಿಯೆಂಟ್ ಸಂಗೀತ ಎನ್ನುತ್ತಾರೆ. ಆವರಣ ಸಂಗೀತ ಎಂದು ನಾವು ಕರೆದರೆ ತಪ್ಪಾಗಲಾರದು. ಇದರ ಹುಟ್ಟುಬೆಳವಣಿಗೆಯನ್ನು ಇಲ್ಲಿಯ ಪುಸ್ತಕಗಳಿಂದಲೂ ಆ ಹುಡುಗನಿಂದಲೂ ತಿಳಿದಷ್ಟು ಹೇಳುತ್ತೇವೆ.

ಪ್ಯಾರಿಸ್ ನಗರದಲ್ಲಿ ಎರಿಕ್ ಸತಿ ಎಂಬ ಸಂಗೀತಕಾರರಿದ್ದರು. ಮನೆಯ ಕುರ್ಚಿ ಮೇಜುಗಳಂತೆ ಇದ್ದೂ ಗಮನ ಸೆಳೆಯದ ಸಂಗೀತ ಬೇಕೆಂದು ಅವರು 1917ರಲ್ಲೇ ಬರೆಯಲು ಹೊರಟರು. ಅದಕ್ಕೆ ಪೀಠೋಪಕರಣ ಸಂಗೀತ ಎಂದೇ ಹೆಸರಿಟ್ಟರು. 1920ರಲ್ಲಿ ನಾಟಕವೊಂದರ ಬಿಡುವಿನಲ್ಲಿ ಅದನ್ನು ನುಡಿಸಿದಾಗ ಜನ ಮಾತು ನಿಲ್ಲಿಸಿ ಕೇಳತೊಡಗಿದರಂತೆ. ಸತಿಯವರು ಸಭೆಯಲ್ಲೆಲ್ಲ ಓಡಾಡಿ, ಮಾತಾಡಿ, ತಿರುಗಾಡಿ, ಕೇಳಬೇಡಿ ಎಂದು ಅಂಗಲಾಚಿದರಂತೆ. ನಮ್ಮ ಗದುಗಿನ ಹುಡುಗನಿಗೆ ಹಿರಿಯಣ್ಣ!

1948ರಲ್ಲಿ ಅದೇ ಪ್ಯಾರಿಸಿನ ಬಾನುಲಿಯ ಎಂಜಿನಿಯರ್ ಪಿಯರ್ ಶೆಫರ್ ಅವರು ಒಂದು ರೈಲು ನಿಲ್ದಾಣಕ್ಕೆ ಹೋಗಿ ಗಾಡಿಗಳ ಸದ್ದನ್ನು ಮುದ್ರಿಸಿಕೊಂಡು ಬಂದರು. ಸೀಟಿ, ಹಬೆ, ಹಳಿಯ ಮೇಲೆ ಗಾಲಿಯ ಟಕಟಕ, ಇವನ್ನೇ ಜೋಡಿಸಿ, ಮರಳಿ ಮರಳಿ ಬರುವಂತೆ ಮಾಡಿ, ಒಂದು ಕೃತಿ ಕಟ್ಟಿ ಬಾನುಲಿಯಲ್ಲಿ ಪ್ರಸಾರ ಮಾಡಿದರು. ವಾದ್ಯವೂ ಇಲ್ಲ, ವಾದಕನೂ ಇಲ್ಲ. ಮುದ್ರಿಸಿದ ಸದ್ದೇ ವಾದ್ಯ. ದಿನಕ್ಕೆರಡು ಸಲ ಲೋಕಲ್ ಗಾಡಿಯಲ್ಲಿ ಜೋತುಬಿದ್ದು ಬರುವ ನಮಗೆ ಆ ಟಕಟಕ ಹೊಸದೇ? ಆದರೆ ಅದರಲ್ಲಿ ಸಂಗೀತವಿದ್ದೀತೆಂದು ನಮಗೆ ಹೊಳೆದಿರಲಿಲ್ಲ. 1950ರ ದಶಕದಲ್ಲಿ ಜರ್ಮನಿಯ ಕೊಲೋನ್ ಬಾನುಲಿಯಲ್ಲಿ ವಿದ್ಯುತ್ತಿನ ಕಂಪನದಿಂದಲೇ ಸ್ವರ ಹುಟ್ಟಿಸುವ ಕೆಲಸ ನಡೆಯಿತು. 1964ರಲ್ಲಿ ಅಮೆರಿಕದ ರಾಬರ್ಟ್ ಮೋಗ್ ಅವರು ಸಿಂಥಸೈಜರ್ ಯಂತ್ರವನ್ನು ಹೊರತಂದರು.

ಇನ್ನು ಬ್ರಯನ್ ಈನೋ ಅವರ ಕಥೆ. ಹೊಟ್ಟೆಯುಬ್ಬರಕ್ಕೆ ಕುಡಿಯುವ ಈನೋ ಅಲ್ಲ, ಇಂಗ್ಲೆಂಡಿನ ಸಂಗೀತಕಾರರು. 1975ರಲ್ಲಿ ಅವರಿಗೆ ಟ್ಯಾಕ್ಸಿ ಬಡಿದು ಹಾಸಿಗೆ ಹಿಡಿದಿದ್ದರು. ನೋಡಲು ಬಂದ ಗೆಳತಿ ಹಾರ್ಪ್ ವಾದ್ಯದ ಒಂದು ಧ್ವನಿಮುದ್ರಿಕೆ ತಂದುಕೊಟ್ಟರು. ಅದನ್ನು ಹಚ್ಚಿ ಮಲಗಿದ ಮೇಲೆ ನೋಡಿದರೆ ದನಿ ತೀರ ಸಣ್ಣದಾಗಿದೆ. ಎರಡು ಸ್ಪೀಕರುಗಳಲ್ಲಿ ಒಂದು ಕೆಟ್ಟಿದೆ. ಎದ್ದು ಸರಿಪಡಿಸಲು ಮೈಯಲ್ಲಿ ಶಕ್ತಿಯಿಲ್ಲ. ಹೊರಗೆ ಮಳೆ. ಮಳೆಯ ಸದ್ದಿನಲ್ಲಿ ಬೆರೆತು ಸ್ವರ ಕೇಳಿದಂತೆಯೂ ಕೇಳದಂತೆಯೂ ಬರುತ್ತಿದೆ. ಸಂಗೀತ ಹೀಗೂ ಇರಬಹುದಲ್ಲ, ಮಳೆಯಂತೆ, ಬೆಳಕಿನಂತೆ, ಎಂದು ಅವರಿಗೆ ತೋರಿತು. 1978ರಲ್ಲಿ ವಿಮಾನ ನಿಲ್ದಾಣಗಳಿಗಾಗಿ ಎಂದು ಒಂದು ಧ್ವನಿಮುದ್ರಿಕೆ ಮಾಡಿದರು. ಅದರ ಕಟ್ಟು ಸರಳ. ಒಂದೊಂದು ದೀರ್ಘ ಸ್ವರವನ್ನು ಒಂದೊಂದು ಟೇಪಿನ ಸುತ್ತಿನ ಮೇಲೆ ಮುದ್ರಿಸುವುದು. ಒಂದು ಸುತ್ತು ಸುಮಾರು ಇಪ್ಪತ್ಮೂರೂವರೆ ಸೆಕೆಂಡಿಗೆ ಮರಳಿದರೆ ಇನ್ನೊಂದು ಸುಮಾರು ಇಪ್ಪತ್ತಾರಕ್ಕೆ, ಮತ್ತೊಂದು ಸುಮಾರು ಮೂವತ್ತಕ್ಕೆ. ಮೂರನ್ನೂ ಒಟ್ಟಿಗೆ ಬಿಟ್ಟರೆ ಒಮ್ಮೆ ಕೂಡಿದಂತೆ ಮತ್ತೆ ಬೇಗ ಕೂಡುವುದಿಲ್ಲ. ಬೇರೆಬೇರೆ ಅವಧಿಯ ಪಾಳಿಗಳಲ್ಲಿ ದುಡಿಯುವ ಮೂವರು ಒಂದೇ ಖೋಲಿಯಲ್ಲಿದ್ದರೆ ಒಬ್ಬರ ಮುಖ ಒಬ್ಬರು ಯಾವಾಗ ನೋಡುವರೋ ಹೇಳಲಾಗದು; ಹಾಗೆ. ಕೇಳಿದರೆ ಸ್ವಾರಸ್ಯವಿರಬೇಕು, ಕೇಳದಿದ್ದರೆ ತೊಂದರೆಯಾಗಬಾರದು ಎಂಬುದು ಅವರ ನಿಯಮ.

ಇದೆಲ್ಲ ಪರದೇಶದ ಮಾತಾಯಿತು, ನಮಗೇನು ಎನ್ನಬಹುದು. ಸ್ವಲ್ಪ ತಾಳಿ.

ನಮ್ಮೂರು ಕುಂದಗೋಳದ ಹತ್ತಿರ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ ಸವಾಯಿ ಗಂಧರ್ವರು ಆ ಭಾಗದಲ್ಲಿ ಆ ಗಾಯನವನ್ನು ನೆಲೆಗೊಳಿಸಿದರು. ಅವರ ಶಿಷ್ಯರೇ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಒಂದೊಂದು ಸ್ವರವನ್ನೂ ಅವಸರವಿಲ್ಲದೆ ಬೆಳೆಸುವುದು ಈ ಘರಾಣೆಯ ಗುಣ. ಅದೇ ಘರಾಣೆಯ ಮತ್ತೊಬ್ಬ ಹಿರಿಯರು ಅಬ್ದುಲ್ ವಹೀದ್ ಖಾನರು. ಅವರ ಶಿಷ್ಯರು ಪಂಡಿತ ಪ್ರಾಣನಾಥರು. ಪ್ರಾಣನಾಥರು 1970ರಲ್ಲಿ ಅಮೆರಿಕಕ್ಕೆ ಹೋದಾಗ ಲಾ ಮಾಂಟೆ ಯಂಗ್, ಟೆರಿ ರೈಲಿ ಎಂಬ ಅಲ್ಲಿಯ ಸಂಗೀತಕಾರರು ಅವರಿಗೆ ಶಿಷ್ಯರಾದರು. ಯಂಗ್ ಅವರು ಅದಕ್ಕೂ ಮೊದಲೇ ಒಂದೇ ಸ್ವರವನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವ ದಾರಿ ಹಿಡಿದಿದ್ದರು. ತಂಬೂರಿಯ ಶ್ರುತಿಯಲ್ಲಿ ಅವರಿಗೆ ಗುರು ಸಿಕ್ಕಂತಾಯಿತು. ಈನೋ ಅವರು ಯಂಗರ ಋಣವನ್ನು ಒಪ್ಪಿಕೊಂಡವರೇ. ಎಲ್ಲವೂ ನಮ್ಮಿಂದಲೇ ಹುಟ್ಟಿತೆಂದು ಎದೆ ತಟ್ಟಿಕೊಳ್ಳುವುದು ಸಲ್ಲದು. ಆದರೆ ಆ ಹೆಡ್‌ಫೋನಿನಲ್ಲಿ ನಮಗೆ ಕೇಳಿದ್ದು ಫ್ರಿಜ್ಜಿನ ಸದ್ದಷ್ಟೇ ಅಲ್ಲ, ತಂಬೂರಿಗೆ ದೂರದ ನಂಟು ಎಂದು ತಿಳಿದಾಗ ನಮಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ನಮ್ಮ ದೇಶದಲ್ಲಿಯೂ ಈ ಕೆಲಸ ನಡೆದಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಅವರ ನೆರವಿನಿಂದ ಮೋಗ್ ಯಂತ್ರವಿದ್ದ ವಿದ್ಯುನ್ಮಾನ ಸಂಗೀತದ ಸ್ಟುಡಿಯೋ ಒಂದು ಸಿದ್ಧವಾಯಿತು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ ಜೋಶಿಪುರ ಮೊದಲಾದವರು ಅಲ್ಲಿ ಪ್ರಯೋಗ ಮಾಡಿದರು. ಆ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲಿ ಮರೆತುಹೋಗಿದ್ದು, ಪಾಲ್ ಪರ್ಗಸ್ ಎಂಬವರ ಶ್ರಮದಿಂದ 2023ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದವು. ಇದೇ ನಮ್ಮ ಮುಂಬಯಿಯಲ್ಲಿ ಚಿತ್ರಗೀತೆಗಳಿಗೆ ವಾದ್ಯ ನುಡಿಸುತ್ತಿದ್ದ ಚರಣಜಿತ್ ಸಿಂಗ್ ಅವರು 1982ರಲ್ಲಿ ಜಪಾನಿನ ಮೂರು ವಿದ್ಯುನ್ಮಾನ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ನುಡಿಸಿ ಮುದ್ರಿಸಿದರು. ಆಗ ಕೊಳ್ಳುವವರಿರಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಪಶ್ಚಿಮದವರು, ನಮ್ಮಲ್ಲಿ ಐದು ವರ್ಷ ತಡವಾಗಿ ಬಂದ ಸಂಗೀತ ಇವರಲ್ಲಿ ಮೊದಲೇ ಇತ್ತಲ್ಲ ಎಂದು ಬೆರಗಾದರು. ಸಿಂಗ್ ಅವರು 2015ರಲ್ಲಿ ತೀರಿಕೊಂಡರು. ಬೆಂಗಳೂರಿನ ಜಿ. ರಾಜನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯನ್ನು ತಾವೆಲ್ಲ ಕಚೇರಿಗಳಲ್ಲಿ ಕಂಡೇ ಇದ್ದೀರಿ. ಅದೂ ವಿದ್ಯುನ್ಮಾನ ಸಂಗೀತವೇ ಅಲ್ಲವೆ?

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ದುಡಿಯುವವನ ಕಿವಿ ಯಾರದು?

ದುಡಿಮೆಗೆ ಸಂಗೀತ ಕೂಡಿಸುವ ವಿದ್ಯೆಯನ್ನು ಮಾಲೀಕರೂ ಸರಕಾರಗಳೂ ಬಹಳ ಹಿಂದೆಯೇ ಕಲಿತವು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರ ಜೂನಿನಿಂದ, ಬಿ.ಬಿ.ಸಿ.ಯವರು ಕಾರ್ಖಾನೆಗಳಿಗಾಗಿ ದಿನಕ್ಕೆರಡು ಸಲ ಅರ್ಧ ಗಂಟೆ ಸಂಗೀತ ಪ್ರಸಾರ ಮಾಡಿದರು. ಅದು 1967ರ ವರೆಗೆ ನಡೆಯಿತು. ಕೇಳುವವರು ಕೈ ಚಪ್ಪಾಳೆ ತಟ್ಟಬೇಕಾದ ಒಂದು ಅಮೆರಿಕನ್ ಹಾಡನ್ನು ಅದರಿಂದ ತೆಗೆದುಹಾಕಿದರು. ಚಪ್ಪಾಳೆ ತಟ್ಟಲು ಕೆಲಸಗಾರ ಹತಾರ ಕೆಳಗಿಟ್ಟರೆ ಉತ್ಪಾದನೆ ನಿಲ್ಲುತ್ತದಲ್ಲ! ಅಮೆರಿಕದಲ್ಲಿ ಮ್ಯೂಜಾಕ್ ಎಂಬ ಕಂಪನಿ ತಂತಿಯ ಮೂಲಕ ಕಚೇರಿಗಳಿಗೆ ಸಂಗೀತ ಮಾರಿತು. ಹದಿನೈದು ನಿಮಿಷ ಮೆಲ್ಲಮೆಲ್ಲನೆ ಚುರುಕಾಗುತ್ತ ಹೋಗುವ ಸಂಗೀತ, ಆಮೇಲೆ ಮೌನ. ದಣಿವು ಬರುವ ಹೊತ್ತಿಗೆ ಸರಿಯಾಗಿ ಮತ್ತೆ ಚುರುಕು. ಎತ್ತಿಗೆ ಬಾರಕೋಲು, ಗುಮಾಸ್ತನಿಗೆ ಪಿಟೀಲು.

ನಮ್ಮ ಊರಿನವನೊಬ್ಬ ಒಂದು ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಮಾಡುತ್ತಿದ್ದ. ಹೆಸರು ಬೇಡ. ಅಲ್ಲಿ ಹತ್ತು ಗಂಟೆಯ ಪಾಳಿಯುದ್ದಕ್ಕೂ ಧ್ವನಿವರ್ಧಕದಲ್ಲಿ ಅಬ್ಬರದ ಹಾಡು. ನಿಲ್ಲಿಸುವ ಗುಂಡಿ ಮೇಲ್ವಿಚಾರಕನ ಕೋಣೆಯಲ್ಲಿ. "ಹಾಡು ನಮಗ ಖುಷಿ ಆಗ್ಲಿ ಅಂತಲ್ರಿ ಕಾಕಾ, ನಾವು ನಾವು ಮಾತಾಡಬಾರ್ದು ಅಂತ ಹಚ್ಚಿದ್ದು" ಎಂದು ಅವನು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿದೆ.

ಇದಕ್ಕೆದುರಾಗಿ ನಮ್ಮ ತಾಯಿಯವರನ್ನು ನೆನೆಯುತ್ತೇವೆ. ಬೆಳಗಿನ ನಾಲ್ಕಕ್ಕೆ ಎದ್ದು ಜೋಳ ಬೀಸುತ್ತಿದ್ದರು. ಬೀಸುಕಲ್ಲಿನ ಘರಘರ ಒಂದೇ ಸಮನಾದ ಶ್ರುತಿ. ಅದರ ಮೇಲೆ ಮೂರು ಮೂರು ಸಾಲಿನ ಪದ. ಕೌದಿಯೊಳಗೆ ಮಲಗಿದ್ದ ನಮಗೆ ಪದ ಕೇಳಿಸುತ್ತಿತ್ತು, ಅರ್ಥ ಕೇಳಿಸುತ್ತಿರಲಿಲ್ಲ. ಗೂಟ ಅವರ ಕೈಯಲ್ಲಿತ್ತು. ಹಾಡೂ ಅವರ ಕೈಯಲ್ಲಿತ್ತು. ದಣಿದರೆ ನಿಧಾನ, ಮನಸ್ಸು ತುಂಬಿದರೆ ಜೋರು. ಯಾವ ಮೇಲ್ವಿಚಾರಕನೂ ಅದರ ಲಯ ಗೊತ್ತುಮಾಡುತ್ತಿರಲಿಲ್ಲ. ಬೀಸುವ ಕಷ್ಟ ಕಷ್ಟವೇ. ಅದನ್ನು ಹಾಡಿ ಹೊಗಳುವ ಇಚ್ಛೆ ನಮಗಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಮೊದಲು ಸಂತೋಷಪಟ್ಟವರು ಅವರೇ. ಆದರೆ ದುಡಿಮೆಯ ನಾದ ದುಡಿಯುವವರ ಸ್ವಂತದ್ದಾಗಿರಬೇಕೆಂಬುದನ್ನು ನಾವು ಕಲಿತದ್ದು ಆ ಕಲ್ಲಿನಿಂದ.

ಆದುದರಿಂದ ನಮ್ಮ ಮೊದಲ ಸಲಹೆ ಇದು. ಕೆಲಸದ ಹೊತ್ತಿನಲ್ಲಿ ಕೇಳುವುದಾದರೆ ನೀವೇ ಆರಿಸಿ, ನೀವೇ ನಿಲ್ಲಿಸಿ. ಹೆಚ್ಚು ದುಡಿಯುವುದಕ್ಕಾಗಿ ಕೇಳಬೇಡಿ. ದುಡಿದೂ ಮನಸ್ಸು ನಿಮ್ಮದಾಗಿ ಉಳಿಯಲೆಂದು ಕೇಳಿ. ಓದು ಬರಹದ ಕೆಲಸವಾದರೆ ಮಾತಿಲ್ಲದ ಸಂಗೀತವಿರಲಿ. ಈನೋ ಅವರದು ಆಗಬಹುದು. ಜಪಾನಿನ ಹಿರೋಶಿ ಯೋಶಿಮುರಾ ಅವರು 1982ರಲ್ಲಿ ಒಂಬತ್ತು ಅಂಚೆ ಕಾರ್ಡುಗಳ ಹೆಸರಿನಲ್ಲಿ ಮಾಡಿದ ಮೃದುವಾದ ಕೃತಿಗಳಾಗಬಹುದು. ಬರಿಯ ತಂಬೂರಿಯೂ ಆಗಬಹುದು. ಕೈಗೆಲಸವಾದರೆ ಚಿತ್ರಗೀತೆ ಏಕೆ ಬೇಡ? ಧಾರಾಳವಾಗಿ ಕೇಳಿ.

ಎರಡನೆಯದು ಆರೋಗ್ಯ. ವಾರಕ್ಕೆ ನಲವತ್ತು ಗಂಟೆ ಕೇಳುವುದಾದರೆ ದನಿ 80 ಡೆಸಿಬಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 90ಕ್ಕೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ. ಪಕ್ಕದವರು ಕರೆದರೆ ಕೇಳಿಸುವಷ್ಟು ಸಣ್ಣ ದನಿ ಇರಲಿ. ಯಂತ್ರದ ಬಳಿ ದುಡಿಯುವವರೂ ಹಳಿಯ ಬಳಿ ನಡೆಯುವವರೂ ಕಿವಿಗೆ ಏನನ್ನೂ ಹಾಕಿಕೊಳ್ಳಕೂಡದು. ಹಾಡಿಗಾಗಿ ಪ್ರಾಣ ಕೊಡುವುದು ನಾಟಕದಲ್ಲಿ ಚೆನ್ನ.

ಮೂರನೆಯದನ್ನು ಹೇಳಲು ಮನಸ್ಸು ಹಿಂಜರಿಯುತ್ತದೆ, ಆದರೂ ಹೇಳಬೇಕು. ಕಳೆದ ಮಳೆಗಾಲದಲ್ಲಿ ಗದುಗಿನ ಆ ಹುಡುಗನ ಖೋಲಿಯಲ್ಲಿ ಒಬ್ಬನಿಗೆ ವಿಪರೀತ ಜ್ವರ ಬಂತು. ಖೋಲಿಯಲ್ಲಿ ಇನ್ನೂ ಮೂವರಿದ್ದರು. ಮೂವರ ಕಿವಿಯಲ್ಲಿಯೂ ಹೆಡ್‌ಫೋನು. ಅವನು ನೀರು ಕೇಳಿ ಕೂಗಿದ್ದು ಗೋಡೆಯಾಚೆಯ ನಮಗೆ ಕೇಳಿಸಿತು. ಆರಡಿ ದೂರದಲ್ಲಿದ್ದವರಿಗೆ ಕೇಳಿಸಲಿಲ್ಲ. ನಾವು ಹೋಗಿ ಬಾಗಿಲು ಬಡಿದೆವು. ಬಾಗಿಲು ಬಡಿದದ್ದೂ ಕೇಳಿಸಲಿಲ್ಲ. ಕೊನೆಗೆ ಕಿಟಕಿಯಿಂದ ಕೈ ಬೀಸಿ ಕರೆಯಬೇಕಾಯಿತು. ಆಸ್ಪತ್ರೆಗೆ ಒಯ್ದೆವು, ಗುಣವಾಯಿತು. ಗದುಗಿನ ಹುಡುಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ನಾ ಅಲ್ಲೇ ಇದ್ದೆ ಕಾಕಾ" ಎಂದ. ಅಷ್ಟೇ.

ಊರು ಬಿಟ್ಟು ಬಂದ ನಮಗೆ ಇಲ್ಲಿ ಆಸರೆ ಎಂದರೆ ಪಕ್ಕದವರ ಕಿವಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರು ಈ ಸಭೆಯಲ್ಲಿದ್ದಾರೆ. ಅವರನ್ನು ಕೇಳಿ ನೋಡಿ. ಕನ್ನಡ ಮಾತು ಕಿವಿಗೆ ಬಿದ್ದಲ್ಲಿ ಅವರಿಗೆ ಮನೆ ಸಿಕ್ಕಿತು. ಗದ್ದಲದಿಂದ ತಪ್ಪಿಸಿಕೊಳ್ಳಲು ಕಿವಿ ಮುಚ್ಚಿಕೊಳ್ಳುವ ನಾವು ಒಬ್ಬರಿಂದೊಬ್ಬರು ತಪ್ಪಿಸಿಕೊಳ್ಳಬಾರದು. ಈಗ ಆ ಖೋಲಿಯಲ್ಲಿ ಒಂದು ಕಟ್ಟಳೆಯಾಗಿದೆ: ಖೋಲಿಯೊಳಗೆ ಒಂದೇ ಕಿವಿ ಹಾಡಿಗೆ, ಇನ್ನೊಂದು ಕಿವಿ ಮನೆಯವರಿಗೆ. ಎಲ್ಲರೂ ಇದನ್ನು ಪಾಲಿಸಬಹುದು.

ಕೊನೆಯದಾಗಿ ಒಂದು ಬೇಡಿಕೆ. ನಮ್ಮ ತಾಯಿಯವರ ಬೀಸುವ ಪದ ಈಗ ಎಲ್ಲಿಯೂ ಇಲ್ಲ. ಯಾರೂ ಮುದ್ರಿಸಿಕೊಳ್ಳಲಿಲ್ಲ, ನಾವೂ ಬರೆದುಕೊಳ್ಳಲಿಲ್ಲ. ಮುದ್ರಿಸುವ ಯಂತ್ರ ಆಗ ನಮ್ಮಂಥವರ ಮನೆಯಲ್ಲಿರಲಿಲ್ಲ. ಈಗ ನಿಮ್ಮೆಲ್ಲರ ಜೇಬಿನಲ್ಲಿದೆ. ರೈಲಿನ ಸದ್ದನ್ನು ಕೇಳುವಂತೆ ಮಾಡಲು ಪ್ಯಾರಿಸಿನಲ್ಲಿ ಒಬ್ಬ ಎಂಜಿನಿಯರ್ ಬೇಕಾಯಿತು; ನಮ್ಮೂರಿನ ಸದ್ದನ್ನು ಉಳಿಸಲು ಒಬ್ಬ ಮೊಮ್ಮಗ ಸಾಕು. ದೀಪಾವಳಿಗೆ ಊರಿಗೆ ಹೋಗುವವರು ಅಜ್ಜಿಯ ಹಾಡನ್ನು, ಮಗ್ಗದ ಲಟಲಟವನ್ನು, ಗಾಣವೋ ರಾಟಿಯೋ ಇನ್ನೂ ಇದ್ದರೆ ಅದರ ಕಿರುಗುಟ್ಟುವಿಕೆಯನ್ನು ಫೋನಿನಲ್ಲಿ ಮುದ್ರಿಸಿಕೊಂಡು ಬನ್ನಿ. ಅಜ್ಜಿಯ ಅಪ್ಪಣೆ ಕೇಳಿಯೇ ಮುದ್ರಿಸಿ, ಹಾಡು ಅವರದು. ಗದುಗಿನ ಹುಡುಗ, "ನಮ್ಮ ಆಯೀ ಇನ್ನೂ ಹಾಡ್ತಾಳ್ರಿ, ಎಂಬತ್ತು ದಾಟ್ಯಾವು, ಈ ಸಲ ಬಿಡೂದಿಲ್ಲ" ಎಂದಿದ್ದಾನೆ. ಪ್ರತಿ ತಿಂಗಳ ಕೊನೆಯ ಭಾನುವಾರ ಸಂಜೆ ಇದೇ ಕೋಣೆಯಲ್ಲಿ ಒಂದು ಗಂಟೆ ಹೊತ್ತು, ಕಿವಿಗೆ ಏನೂ ಹಾಕಿಕೊಳ್ಳದೆ, ಎಲ್ಲರೂ ಕೂಡಿ ಕೇಳೋಣ. ಸ್ಪೀಕರನ್ನು ನಾವು ತರುತ್ತೇವೆ. ಚಹಾದ ಏರ್ಪಾಡನ್ನು ಮಾತ್ರ ಕಾರ್ಯದರ್ಶಿಗಳಿಗೇ ಬಿಡುತ್ತೇವೆ.